ಬನ್ನಿಯ ಮರುದಿನ

ವಿಜಯದಶಮಿ ಕಳೆದೊಡನೆ ಪತ್ರಿಕೆಗಳಲ್ಲಿ ದೇವರಗಟ್ಟಿನ ಒಂದೇ ಬಗೆಯ ಚಿತ್ರ ಪ್ರಕಟವಾಗುತ್ತದೆ. ನಡುರಾತ್ರಿಯ ಕತ್ತಲು, ಪಂಜುಗಳ ಬೆಂಕಿ, ಮೇಲೆತ್ತಿದ ಅಸಂಖ್ಯ ಬಡಿಗೆಗಳು, ನೆತ್ತರು ಇಳಿಯುತ್ತಿರುವ ಒಂದು ಹಣೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದ ಈ ಬೆಟ್ಟದ ಮೇಲೆ ಮಾಳಮ್ಮ ಮತ್ತು ಮಲ್ಲೇಶ್ವರ ಸ್ವಾಮಿಯ ಕಲ್ಯಾಣ ನಡೆದ ಬಳಿಕ, ಉತ್ಸವಮೂರ್ತಿಗಳನ್ನು ಕಾಯುವ ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಗಳ ಜನ ಒಂದೆಡೆ, ಆ ಮೂರ್ತಿಗಳನ್ನು ತಮ್ಮದಾಗಿಸಿಕೊಳ್ಳಲು ಬರುವ ಸುತ್ತಲಿನ ಊರುಗಳ ಜನ ಇನ್ನೊಂದೆಡೆ. ಪೊಲೀಸರ ಕಾವಲು, ತಾತ್ಕಾಲಿಕ ಚಿಕಿತ್ಸಾ ಶಿಬಿರ, ಎಚ್ಚರಿಕೆಯ ಪ್ರಕಟಣೆ ಎಲ್ಲವೂ ಇರುತ್ತವೆ. ಆದರೂ ಪ್ರತಿ ವರ್ಷ ಹತ್ತಾರು ತಲೆಗಳು ಒಡೆಯುತ್ತವೆ. ಕೆಲವು ವರ್ಷಗಳಲ್ಲಿ ಪ್ರಾಣಹಾನಿಯೂ ಸಂಭವಿಸಿದೆ. ಜಾತ್ರೆಯನ್ನು ಕುರಿತು ಕಿರುಪ್ರಬಂಧ ಬರೆಯಬೇಕಾಗಿ ಬಂದಾಗ ಗಡಿಭಾಗದ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಆರಿಸಿಕೊಳ್ಳುವುದೂ ಬಹುಮಟ್ಟಿಗೆ ಈ ರಾತ್ರಿಯನ್ನೇ. ಬಡಿಗೆಯ ಉದ್ದ, ಗಾಯಾಳುಗಳ ಸಂಖ್ಯೆ, ಮಣಿ-ಮಲ್ಲಾಸುರರ ಕಥೆ, ಕೊನೆಗೆ ಮೂಢನಂಬಿಕೆಯ ಖಂಡನೆ ಅಥವಾ ಪರಂಪರೆಯ ಪ್ರಶಂಸೆ. ಪ್ರಬಂಧ ಮುಗಿಯುತ್ತದೆ.

ಆ ರಾತ್ರಿಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬಾರದು. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಮರದ ಕೊಂಬೆಯ ಮೇಲೆ ಕೂರಿಸಿದರೆ ಮಗು ಸುರಕ್ಷಿತ ಎಂದು ಭಾವಿಸುವ ಹಿರಿಯರು ಇನ್ನೂ ಇದ್ದಾರೆಂಬುದು ವಿಷಾದದ ಸಂಗತಿ. ಆದರೆ ದೇವರಗಟ್ಟಿನ ಜಾತ್ರೆ ಒಂದು ರಾತ್ರಿಯದಲ್ಲ. ಬನ್ನಿ ಮುಗಿದು, ಬೆಳಗಿನ ಜಾವದಲ್ಲಿ ಎದುರು ಬಸವಣ್ಣನ ಗುಡಿಯ ಬಳಿ ಕಾರಣಿಕ ನುಡಿದಾದ ಮೇಲೆ, ರಥೋತ್ಸವ, ಗೊರವಯ್ಯಗಳ ಆಟ, ಸರಪಳಿ ಹರಿಯುವ ಸೇವೆ, ವಸಂತೋತ್ಸವ ಮುಂತಾದವು ಉಳಿದಿರುತ್ತವೆ. ಬಡಿಗೆ ಹಿಡಿದವರು ಮನೆಗೆ ಹೋಗಿ ಮಲಗಿದ ಆ ಹೊತ್ತಿಗೆ ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಆಟೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬೆಟ್ಟದ ಬುಡಕ್ಕೆ ಬಂದಿಳಿಯುತ್ತಾರೆ. ಛಾಯಾಗ್ರಾಹಕರು ಆಗ ಅಲ್ಲಿರುವುದಿಲ್ಲ. ಭಾಷೆಯ ವಿದ್ಯಾರ್ಥಿ ಮಾತ್ರ ಇರಬೇಕಾದದ್ದು ಆಗಲೇ.

ಹೊಳಗುಂದದಿಂದ ಹೀಗೆ ಬರುವ ಒಂದು ಕುಟುಂಬವನ್ನು ಗಮನಿಸಬಹುದು. ಹೆಸರು ಬೇಕಿಲ್ಲ, ಮಂಡಲದ ಯಾವ ಬೀದಿಯಲ್ಲಾದರೂ ಇಂಥ ಮನೆ ಸಿಗುತ್ತದೆ. ಅರುವತ್ತು ದಾಟಿದ ಅಜ್ಜಿ ಹಗರಿಯ ಆಚೆಯ ಸಿರುಗುಪ್ಪ ಸೀಮೆಯಿಂದ ಬಂದವಳು. ಆಕೆಯ ಮಾತು ಕನ್ನಡ. ಮಗ ಕನ್ನಡವನ್ನು ಮನೆಯಲ್ಲಿ, ತೆಲುಗನ್ನು ಶಾಲೆಯಲ್ಲಿ ಕಲಿತವನು. ಸೊಸೆ ಪತ್ತಿಕೊಂಡದ ಕಡೆಯವಳು, ತೆಲುಗಿನವಳು. ಮದುವೆಯಾಗಿ ಹತ್ತು ವರ್ಷಗಳಲ್ಲಿ ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದು ಕಡಿಮೆ. ಇಬ್ಬರು ಮಕ್ಕಳು: ಎಂಟು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಮಕ್ಕಳ ಶಾಲೆಯ ಪುಸ್ತಕಗಳಲ್ಲಿ ತೆಲುಗು ಮತ್ತು ಇಂಗ್ಲಿಷು.

ಈ ಮನೆಯಲ್ಲಿ ಒಂದು ವಿಶೇಷವಿದೆ. ಮಗ ಆ ಮುದುಕಿಯನ್ನು ‘ಅವ್ವಾ’ ಎಂದು ಕೂಗುತ್ತಾನೆ. ಮೊಮ್ಮಕ್ಕಳೂ ‘ಅವ್ವಾ’ ಎಂದೇ ಕೂಗುತ್ತಾರೆ. ಹೊರಗಿನವರಿಗೆ ಇದು ಮನೆಯ ರೂಢಿಯೆಂದು ಕಾಣಬಹುದು, ತಂದೆ ಕರೆದಂತೆ ಮಕ್ಕಳೂ ಕರೆಯುತ್ತಾರೆಂದು. ಹಾಗಲ್ಲ. ಮಗನ ಅವ್ವ ಉತ್ತರ ಕರ್ನಾಟಕದ ಕನ್ನಡದ್ದು, ಅದರ ಅರ್ಥ ತಾಯಿ. ಮೊಮ್ಮಕ್ಕಳ ಅವ್ವ ರಾಯಲಸೀಮೆಯ ತೆಲುಗಿನದು, ಅದರ ಅರ್ಥ ಅಜ್ಜಿ. ಒಂದೇ ಉಚ್ಚಾರಣೆಯೊಳಗೆ ಎರಡು ಭಾಷೆಗಳು ಒಂದೇ ಹೆಂಗಸನ್ನು ಎರಡು ಸಂಬಂಧಗಳಲ್ಲಿ ಕರೆಯುತ್ತವೆ. ಆಕೆ ಎರಡಕ್ಕೂ ಓಗೊಡುತ್ತಾಳೆ. ದ್ವಿಭಾಷಿಕತೆಯನ್ನು ಪಠ್ಯಪುಸ್ತಕಗಳು ಸಂಕರ, ಮಿಶ್ರಣ, ಪಲ್ಲಟ ಮುಂತಾದ ಪರಿಭಾಷೆಗಳಲ್ಲಿ ವಿವರಿಸುತ್ತವೆ. ಆ ಪರಿಭಾಷೆಗಳು ಬೇಕು, ಆದರೆ ಈ ಅಂಗಳದಲ್ಲಿ ನಡೆಯುವುದು ಅವಕ್ಕಿಂತ ಸರಳವೂ ಹೌದು, ಸೂಕ್ಷ್ಮವೂ ಹೌದು.

ಬೆಟ್ಟದ ಬುಡದಲ್ಲಿ ಇಳಿದ ಮಕ್ಕಳಿಗೆ ಮೊದಲು ಕಾಣುವವನು ಗೊರವಯ್ಯ. ಮೈಮೇಲೆ ಕರಿಯ ಕಂಬಳಿ, ತಲೆಯ ಮೇಲೆ ಕರಡಿಯ ಕೂದಲಿನ ಟೋಪಿ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಕೊಳಲು. ಹುಡುಗ ತಾಯಿಯ ಸೆರಗಿನ ಹಿಂದೆ ಅವಿತು, “ಅವ್ವಾ, ಅದಿ ಪುಲಿನಾ?” ಎಂದು ಕೇಳುತ್ತಾನೆ. “ಹುಲಿ ಅಲ್ಲಪ್ಪ, ಕರಡಿ. ಅಂಜಬ್ಯಾಡ, ಗೊರವಯ್ಯ ಅವ” ಎಂದು ಅಜ್ಜಿ ಹೇಳುತ್ತಾಳೆ. ಪ್ರಶ್ನೆ ಒಂದು ಭಾಷೆಯಲ್ಲಿ, ಉತ್ತರ ಇನ್ನೊಂದರಲ್ಲಿ. ಯಾರೂ ಯಾರಿಗೂ ಅನುವಾದಿಸಲಿಲ್ಲ. ಆದರೆ ಪುಲಿ ಮತ್ತು ಹುಲಿಗಳ ನಡುವೆ ನಾಲ್ಕು ವರ್ಷದ ಮಗು ದಾಟಿದ ದೂರ ಸಾಮಾನ್ಯವಾದುದಲ್ಲ. ಹಳಗನ್ನಡದಲ್ಲಿಯೂ ಅದು ಪುಲಿಯೇ. ಪಾಲ್ ಹಾಲಾದದ್ದು, ಪಂದಿ ಹಂದಿಯಾದದ್ದು, ಪೂ ಹೂವಾದದ್ದು ಐಚ್ಛಿಕ ಕನ್ನಡದ ಮೊದಲ ವರ್ಷದ ಪಾಠ. ಪಕಾರ ಹಕಾರವಾದ ಆ ಪಲ್ಲಟವನ್ನು ವಿದ್ಯಾರ್ಥಿಗಳು ಕೋಷ್ಟಕ ಹಾಕಿ ಕಂಠಪಾಠ ಮಾಡುತ್ತಾರೆ. ಇಲ್ಲಿಯ ಮಗುವಿಗೆ ಅದು ತಾಯಿಯ ಮಾತಿಗೂ ಅಜ್ಜಿಯ ಮಾತಿಗೂ ನಡುವಣ ವ್ಯತ್ಯಾಸ, ಅಷ್ಟೇ. ತೆಲುಗು ಪಕಾರವನ್ನು ಉಳಿಸಿಕೊಂಡಿತು, ಕನ್ನಡ ಬಿಟ್ಟುಕೊಟ್ಟಿತು. ಸುತ್ತಲಿನ ಊರುಗಳ ಹೆಸರುಗಳನ್ನು ಕೇಳಿದರೂ ಸಾಕು: ಹೊಳಗುಂದ, ಹೆಬ್ಬಟಂ, ಹಾಲಹರ್ವಿ, ಪೆದ್ದಹ್ಯಾಟ. ತೆಲುಗು ನಾಡಿನ ನಕ್ಷೆಯಲ್ಲಿ ಹಕಾರದಿಂದ ಮೊದಲಾಗುವ ಇಷ್ಟೊಂದು ಊರುಗಳು ಒಂದೆಡೆ ಸೇರಿರುವುದು ಆಕಸ್ಮಿಕವಲ್ಲ. ಕೊನೆಯದರಲ್ಲಂತೂ ತೆಲುಗಿನ ‘ಪೆದ್ದ’ ಹಕಾರದ ಊರಿನ ಮುಂದೆ ಬಂದು ನಿಂತಿದೆ.

‘ಗೊರವ’ ಎಂಬ ಶಬ್ದವೂ ಹಾಗೆಯೇ. ಹಳಗನ್ನಡ ಶಾಸನಗಳಲ್ಲಿ ಶೈವ ಯತಿಗಳಿಗೆ ಬಳಕೆಯಾದ ಮಾತು ಇಲ್ಲಿ ತೆಲುಗಿನ ಬಾಯಲ್ಲಿ ಗೊರವಯ್ಯನಾಗಿ ಕುಣಿಯುತ್ತಿದೆ. ಇನ್ನೂ ದೊಡ್ಡ ಸಾಕ್ಷಿ ಹಬ್ಬದ ಹೆಸರಿನಲ್ಲಿದೆ. ಶಮೀವೃಕ್ಷಕ್ಕೆ ತೆಲುಗಿನಲ್ಲಿ ‘ಜಮ್ಮಿ’ ಎಂಬ ಸ್ವಂತ ಮಾತಿದೆ. ದಸರೆಯ ದಿನ ಆಂಧ್ರದ ಉಳಿದೆಡೆ ಜನ ಜಮ್ಮಿಯನ್ನೇ ಪೂಜಿಸುತ್ತಾರೆ. ಆದರೆ ದೇವರಗಟ್ಟಿನ ವಿಷಯ ಬಂದಾಗ ತೆಲುಗು ಪತ್ರಿಕೆಗಳೂ ‘ಬನ್ನಿ ಉತ್ಸವಂ’ ಎಂದೇ ಬರೆಯುತ್ತವೆ. ಕಾದಾಟಕ್ಕೆ ‘ಕರ್ರಲ ಸಮರಂ’ ಎಂಬ ತೆಲುಗು ಹೆಸರು; ಹಬ್ಬಕ್ಕೆ ಕನ್ನಡದ ಹೆಸರು. ಯಾರೂ ಆಗ್ರಹಪಡಿಸಿ ಇಟ್ಟದ್ದಲ್ಲ.

ಮಕ್ಕಳಿಗೆ ಇದೆಲ್ಲ ಬೇಕಿಲ್ಲ. ಅವರಿಗೆ ಬೇಕಾದದ್ದು ಪೀಪಿ, ಬಲೂನು, ತಿರುಗುವ ತೊಟ್ಟಿಲು, ಬೆಂಡು ಬತ್ತಾಸು. ಮಂಡಕ್ಕಿಯ ಒಗ್ಗರಣೆ ಮತ್ತು ಮಿರ್ಚಿಯ ಅಂಗಡಿಯಲ್ಲಿ ತಾಯಿ ‘ಉಗ್ಗಾನಿ’ ಎಂದು ಕೇಳುತ್ತಾಳೆ, ಅಜ್ಜಿ ‘ಒಗ್ಗರಣೆ’ ಎಂದು ಕೇಳುತ್ತಾಳೆ. ಅಂಗಡಿಯವನು ಒಂದೇ ಬುಟ್ಟಿಯಿಂದ ಇಬ್ಬರಿಗೂ ಕಾಗದದಲ್ಲಿ ಕಟ್ಟಿಕೊಡುತ್ತಾನೆ. ಬೆಳಗಾವಿಯ ಕಡೆಯವರು ಬಂದರೆ ಅದೇ ಮಂಡಕ್ಕಿಯನ್ನು ಚುರುಮುರಿ ಎನ್ನುತ್ತಾರೆ, ತೆಲುಗಿನವರು ಬೊರುಗುಲು ಎನ್ನುತ್ತಾರೆ. ಬಳೆಯ ಅಂಗಡಿಯಲ್ಲಿ ಕುಳಿತವಳು ದಖನಿ ಉರ್ದುವಿನಲ್ಲಿ ಮಗಳನ್ನು ಗದರಿಸಿ, ತೆಲುಗಿನಲ್ಲಿ ಬೆಲೆ ಹೇಳಿ, ಅಜ್ಜಿಯ ಕೈಗೆ ಬಳೆ ತೊಡಿಸುವಾಗ “ಕೈ ಸಡಲು ಬಿಡಮ್ಮ” ಎಂದು ಕನ್ನಡಕ್ಕೆ ಹೊರಳುತ್ತಾಳೆ. ತಾಂಡಾದ ಹೆಂಗಸರು ತಮ್ಮೊಳಗೆ ಲಂಬಾಣಿಯಲ್ಲಿ ಮಾತಾಡುತ್ತಾರೆ.

ತಾಂಡಾದವರು ಈ ಜಾತ್ರೆಗೆ ಅತಿಥಿಗಳಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ದೇವರನ್ನು ಕಾಯುವ ಮೂರು ಊರುಗಳಲ್ಲಿ ಅವರದೂ ಒಂದು. ಬನ್ನಿಗೆ ಮುಂಚೆ ಈ ಮೂರೂ ಊರುಗಳ ಹಿರಿಯರು ಕೂಡಿ ಹಾಲಿನ ಮೇಲೆ ಆಣೆ ಮಾಡುತ್ತಾರೆ: ಹಬ್ಬ ಮುಗಿಯುವತನಕ ತಮ್ಮೊಳಗಿನ ಹಗೆಯನ್ನು ಬದಿಗಿಟ್ಟು ಒಟ್ಟಾಗಿರುತ್ತೇವೆಂದು. ತೆಲುಗಿನಲ್ಲಿ ಇದಕ್ಕೆ ‘ಪಾಲಬಾಸ’ ಎಂದು ಹೆಸರು. ಕನ್ನಡ ವಿದ್ಯಾರ್ಥಿ ಈ ಎರಡು ಶಬ್ದಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲನೆಯದು ಹಳಗನ್ನಡದ ಪಾಲ್. ಎರಡನೆಯದು ಸಂಸ್ಕೃತದ ಭಾಷೆ, ಕನ್ನಡದಲ್ಲಿ ಬಾಸೆ. ನುಡಿಯೂ ಅದೇ, ವಚನವಿತ್ತು ನಡೆಯುವ ಪ್ರತಿಜ್ಞೆಯೂ ಅದೇ. ‘ಭಾಷೆ ಕೊಡು’ ಎಂದರೆ ಮಾತು ಕೊಡು ಎಂದರ್ಥ. ‘ಮಾತು’ ಎಂಬುದಕ್ಕೂ ಅದೇ ಇಬ್ಬಗೆ. ಬೇರೆ ಬೇರೆ ನುಡಿಯಾಡುವ ಮೂರು ಊರುಗಳು ಒಂದು ಭಾಷೆಗೆ ಬದ್ಧವಾಗುವುದು ಸಾಧ್ಯವಾಗುವುದು ಈ ಎರಡನೆಯ ಅರ್ಥದಲ್ಲಿ. ಇಡೀ ಜಾತ್ರೆಯಲ್ಲಿ ಇದಕ್ಕಿಂತ ಗಂಭೀರವಾದ ಗಳಿಗೆ ಇನ್ನೊಂದಿಲ್ಲ. ಬಡಿಗೆಯ ಚಿತ್ರಗಳ ನಡುವೆ ಹಾಲಿನ ಪಾತ್ರೆ ಮರೆಯಾಗಿಬಿಟ್ಟಿದೆ.

ಬಹುಸಂಸ್ಕೃತಿಯ ಹಬ್ಬ ಎಂಬ ಮಾತು ಈಚಿನ ದಶಕಗಳಲ್ಲಿ ಜಗತ್ತಿನ ಅನೇಕ ನಗರಗಳಲ್ಲಿ ರೂಢಿಗೆ ಬಂದಿದೆ. ಸಿಂಗಪುರದಲ್ಲಿ 1964ರ ಜನಾಂಗೀಯ ಗಲಭೆಗಳ ನೆನಪಿಗೆ ಜುಲೈ 21ರಂದು ಸೌಹಾರ್ದ ದಿನವನ್ನು ಆಚರಿಸುತ್ತಾರೆ. ಶಾಲೆಯ ಮಕ್ಕಳು ತಮ್ಮ ಜನಾಂಗದ ಅಥವಾ ಪರರ ಜನಾಂಗದ ಉಡುಪು ತೊಟ್ಟು ಬರುತ್ತಾರೆ. ಆಸ್ಟ್ರೇಲಿಯದಲ್ಲಿ 1999ರಿಂದ ಮಾರ್ಚ್ 21ರಂದು ಇಂಥದೇ ಒಂದು ದಿನವಿದೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮಕ್ಕಳನ್ನು ಕರೆದುಕೊಂಡು ಇಂಥ ಹಬ್ಬಗಳಿಗೆ ಹೋಗುತ್ತವೆ, ಮಗುವಿಗೆ ಪಂಚೆ ಉಡಿಸಿ, ಮೈಸೂರು ಪೇಟ ತೊಡಿಸಿ, ಒಂದು ಮಳಿಗೆಯಲ್ಲಿ ಕೋಸಂಬರಿ ಹಂಚಿ ಬರುತ್ತವೆ. ಅದನ್ನು ಹಗುರಾಗಿ ಕಾಣಬೇಕಾಗಿಲ್ಲ. ಗಲಭೆಯ ನೆನಪಿರುವ ನಾಡಿಗೆ, ನೆರೆಯವನ ಪರಿಚಯವಿಲ್ಲದ ಬೀದಿಗೆ ಅಂಥ ದಿನದ ಅಗತ್ಯವಿದೆ. ಆದರೆ ಅಲ್ಲಿ ಪ್ರತಿಯೊಂದು ಸಂಸ್ಕೃತಿಯೂ ಇತರರಿಗೆ ತನ್ನನ್ನು ತೋರಿಸಿಕೊಳ್ಳುತ್ತದೆ. ಮಗು ಒಂದು ಮಳಿಗೆಯಿಂದ ಇನ್ನೊಂದಕ್ಕೆ ನೋಡುತ್ತ ಹೋಗುತ್ತದೆ. ದೇವರಗಟ್ಟಿನಲ್ಲಿ ತೋರಿಸುವವರಿಲ್ಲ. ಕನ್ನಡದ ಮಳಿಗೆ ಎಲ್ಲಿದೆಯೆಂದು ಕೇಳಿದರೆ ಬೆರಳು ತೋರಿಸಲು ಜಾಗವಿಲ್ಲ. ಹುಡುಕುವವನಿಗೆ ಅದು ದೇವರ ಹೆಸರಿನಲ್ಲಿ, ಬಳೆಗಾರ್ತಿಯ ಬಾಯಲ್ಲಿ, ಒಗ್ಗರಣೆಯ ಬುಟ್ಟಿಯಲ್ಲಿ ಚೂರುಚೂರಾಗಿ ಸಿಗುತ್ತದೆ. ಹೊಳಗುಂದ ಮಂಡಲದ ಇನ್ನೊಂದು ಊರು ಎಳ್ಳಾರ್ತಿಯದೂ ಇದೇ ಕಥೆ. ಬನ್ನಿಯ ರಾತ್ರಿ ಬಡಿಗೆ ಹಿಡಿದು ಬರುವ ಊರುಗಳಲ್ಲಿ ಅದೂ ಸೇರಿದೆ. ಅದೇ ಊರಿನ ದರ್ಗಾದ ಉರುಸಿಗೆ ಎರಡೂ ರಾಜ್ಯಗಳಿಂದ ಎಲ್ಲ ಮತದ ಜನ ಬರುತ್ತಾರೆ. ಅದಕ್ಕೆ ಯಾರೂ ಸೌಹಾರ್ದ ದಿನವೆಂಬ ಹೆಸರಿಟ್ಟಿಲ್ಲ. ಸಕ್ಕರೆ ಓದಿಸಲು ಹೋಗಿಬರುತ್ತೇವೆ ಎನ್ನುತ್ತಾರೆ, ಅಷ್ಟೇ.

ಇಷ್ಟನ್ನು ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಉತ್ಸಾಹ ಮೂಡುವುದು ಸಹಜ: ಹಾಗಾದರೆ ಇದು ನಮ್ಮದೇ ಅಲ್ಲವೇ? ಇತಿಹಾಸವೂ ಅದಕ್ಕೆ ಇಂಬು ಕೊಡುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಸಹಿತವಾಗಿ ಉಳಿದದ್ದು ಮೈಸೂರಿಗೆ ಬಂತು. ಕವಿರಾಜಮಾರ್ಗದ ಕಾವೇರಿ-ಗೋದಾವರಿಗಳ ಮಾತನ್ನು ನೆನೆದು ನಿಟ್ಟುಸಿರುಬಿಡುವ ಭಾಷಣಗಳನ್ನು ಗಡಿನಾಡ ಉತ್ಸವಗಳಲ್ಲಿ ಎಲ್ಲರೂ ಕೇಳಿದ್ದಾರೆ. ಆದರೆ ಜಾತ್ರೆಯನ್ನು ಗಡಿ ವ್ಯಾಜ್ಯದ ಸಾಕ್ಷಿಪಟ್ಟಿಯಲ್ಲಿ ಸೇರಿಸುವುದು ಜಾತ್ರೆಗೂ ಅನ್ಯಾಯ, ಅಧ್ಯಯನಕ್ಕೂ ಅನ್ಯಾಯ. ಬನ್ನಿ ಎಂಬ ಶಬ್ದ ಕನ್ನಡದ್ದೆಂದು ಸಾಧಿಸಿದ ಮಾತ್ರಕ್ಕೆ ಕೊತ್ತಪೇಟೆಯ ತೆಲುಗಿನವನ ಹರಕೆ ಕನ್ನಡದ್ದಾಗುವುದಿಲ್ಲ. ದೇವರು ತಾಲೂಕು ನೋಡಿ ನೆಲೆಸಿದವನಲ್ಲ. ಅದಕ್ಕಿಂತ ಮುಖ್ಯವಾಗಿ, ‘ಇದು ನಮ್ಮದು’ ಎಂಬ ಸಮಾಧಾನ ಒಂದು ಬಗೆಯ ನಿದ್ದೆಯನ್ನು ತರುತ್ತದೆ. ಜಾತ್ರೆಯಲ್ಲಿ ಇಷ್ಟು ಕನ್ನಡವಿದೆಯಲ್ಲ, ಇನ್ನೇನು ಚಿಂತೆ ಎಂಬ ನಿದ್ದೆ.

ಆ ನಿದ್ದೆಯಿಂದ ಎಚ್ಚರಿಸಬಲ್ಲ ಉದಾಹರಣೆ ದೇವರಗಟ್ಟಿನಿಂದ ಬಹಳ ದೂರ ವಾಯವ್ಯದಲ್ಲಿ, ಪುಣೆ ಜಿಲ್ಲೆಯ ಜೇಜುರಿಯಲ್ಲಿದೆ. ಅಲ್ಲಿಯ ಖಂಡೋಬ ಬೇರೆ ಯಾರೂ ಅಲ್ಲ, ಕನ್ನಡಿಗರ ಮೈಲಾರಲಿಂಗ, ತೆಲುಗಿನವರ ಮಲ್ಲನ್ನ. ಮಣಿ ಮತ್ತು ಮಲ್ಲ ಎಂಬ ದೈತ್ಯರ ಕಥೆ ಅಲ್ಲಿಯೂ ಇದೆ. ಇಲ್ಲಿಯ ಮಾಳಮ್ಮ, ಮೈಲಾರದ ಗಂಗಿಮಾಳವ್ವ, ಜೇಜುರಿಯ ಮ್ಹಾಳಸಾ ಒಂದೇ ಬಳಗದವರು. ಗೊರವನ ಬದಲು ಅಲ್ಲಿ ವಾಘ್ಯಾ; ಭಂಡಾರದ ಅರಿಸಿನ ಮಾತ್ರ ಎಲ್ಲೆಡೆ ಒಂದೇ ಹಳದಿ. ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್, ಮರಾಠಿಯ ರಾ. ಚಿಂ. ಢೇರೆ ಮುಂತಾದವರು ಈ ದೈವದ ಕುರುಬ, ಬೇಟೆಗಾರ, ವ್ಯಾಪಾರಿ ಭಕ್ತರ ಜಾಡನ್ನು ವಿಸ್ತಾರವಾಗಿ ಅರಸಿದ್ದಾರೆ. ಜೇಜುರಿಯ ಮೆಟ್ಟಿಲುಗಳ ಮೇಲೆ ತಂದೆಯ ಹೆಗಲೇರಿದ ಮರಾಠಿ ಮಗು ಅರಿಸಿನ ತೂರುತ್ತ ‘ಯಳಕೋಟ’ ಎಂದು ಕೂಗುತ್ತದೆ. ಅದು ಕನ್ನಡದ ‘ಏಳು ಕೋಟಿ’. ಮರಾಠಿ ಶಾಲೆಯ ಪಾಠದಲ್ಲಿ ಏಳು ಎಂದರೆ ‘ಸಾತ’. ಯಳ ಎಂದರೆ ಏನೆಂದು ಆ ಮಗುವಿಗೆ ತಿಳಿಯದು, ಅದರ ತಂದೆಗೂ ತಿಳಿಯದು, ತಿಳಿಯಬೇಕೆಂಬ ಅಗತ್ಯವೂ ಯಾರಿಗೂ ಕಂಡಿಲ್ಲ. ಘೋಷ ಉಳಿದಿದೆ. ಅದು ಎಷ್ಟು ಗಟ್ಟಿಯಾಗಿ ಉಳಿದಿದೆಯೆಂದರೆ ಗುಡ್ಡವೇ ಮೊಳಗುತ್ತದೆ. ಅದನ್ನು ಹಡೆದ ಭಾಷೆ ಮಾತ್ರ ಅಲ್ಲಿಲ್ಲ.

ಎರಡೂ ಭಾಷೆ ಬಲ್ಲವನಿಗೆ ಆ ಕೂಗು ಕೇಳಿದಾಗ ಮೊದಲು ಹೆಮ್ಮೆಯಾಗುತ್ತದೆ, ಆಮೇಲೆ ಒಂದು ಅಳುಕು ಹುಟ್ಟುತ್ತದೆ. ಹಬ್ಬ ಶಬ್ದಗಳನ್ನು ಕಾಪಾಡುತ್ತದೆ, ಭಾಷೆಯನ್ನು ಕಾಪಾಡುವ ಶಕ್ತಿ ಅದಕ್ಕಿಲ್ಲ. ಬನ್ನಿ, ಗೊರವ, ಕಾರಣಿಕ ಎಂಬ ಮಾತುಗಳು ದೇವರಗಟ್ಟಿನಲ್ಲಿ ಇನ್ನೂ ಮುನ್ನೂರು ವರ್ಷ ಉಳಿಯಬಹುದು. ಅವನ್ನು ಕೂಗುವ ಮಕ್ಕಳಿಗೆ ಹುಲಿ ಎಂದರೆ ಪುಲಿಯೆಂದು ತಿಳಿದಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಜಾತ್ರೆಯ ಒಂದು ದಿನದಲ್ಲಿಲ್ಲ. ಉಳಿದ ಮುನ್ನೂರ ಅರುವತ್ತನಾಲ್ಕು ದಿನಗಳಲ್ಲಿ ಅಜ್ಜಿ ಎಲ್ಲಿರುತ್ತಾಳೆ, ಮಕ್ಕಳು ಎಲ್ಲಿರುತ್ತಾರೆ ಎಂಬುದರಲ್ಲಿದೆ.

ಇಲ್ಲಿ ಇನ್ನೊಂದು ಕನ್ನಡ ಶಬ್ದ ಎದುರಾಗುತ್ತದೆ: ಸುಗ್ಗಿ. ಕನ್ನಡ ಕಾವ್ಯದ ವಿದ್ಯಾರ್ಥಿಗೆ ಸುಗ್ಗಿಯೆಂದರೆ ತುಂಬಿದ ಕಣ, ರಾಶಿಪೂಜೆ, ಹಿಗ್ಗು. ಪಶ್ಚಿಮ ಕರ್ನೂಲಿನ ತೆಲುಗಿನಲ್ಲಿ ‘ಸುಗ್ಗಿಗೆ ಹೋಗುವುದು’ ಎಂದರೆ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ ಹರಿಯಲು, ಹತ್ತಿ ಬಿಡಿಸಲು ವಲಸೆ ಹೋಗುವುದು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಬೆಳೆ ಕೈಗೆ ಬಂದರೂ ಬಾರದಿದ್ದರೂ ದಸರೆ ದೀಪಾವಳಿ ಕಳೆದೊಡನೆ ಆದವಾನಿ, ಕೋಸಿಗಿ, ಹೊಳಗುಂದ ಮಂಡಲಗಳಿಂದ ಕುಟುಂಬಗಳು ಹೊರಡುತ್ತವೆ, ಯುಗಾದಿಯ ಹೊತ್ತಿಗೆ ಮರಳುತ್ತವೆ. ಪರರ ಸುಗ್ಗಿಗೆ ಹೋಗುವವರ ಬಾಯಲ್ಲಿ ಶಬ್ದದ ಅರ್ಥವೇ ತಿರುಗಿ ನಿಂತಿದೆ. ಅರ್ಥವ್ಯತ್ಯಾಸದ ಪಾಠಕ್ಕೆ ಇದಕ್ಕಿಂತ ನಿಷ್ಠುರವಾದ ಉದಾಹರಣೆಯನ್ನು ಯಾವ ಅಧ್ಯಾಪಕನೂ ತರಲಾರ. ಬೆಳಗಿನ ಕಾರಣಿಕದಲ್ಲಿ ಬೆಳೆಗಳ ಧಾರಣೆ ಏನಾಗುವುದು, ಮಳೆ ಹೇಗಾಗುವುದು ಎಂಬುದನ್ನು ಜನ ಉಸಿರು ಬಿಗಿಹಿಡಿದು ಕೇಳುವುದು ಕುತೂಹಲಕ್ಕಲ್ಲ. ಸುಗ್ಗಿಗೆ ಹೋಗಬೇಕೋ ಬೇಡವೋ ಎಂಬ ಲೆಕ್ಕ ಅದರಲ್ಲಿ ಅಡಗಿದೆ.

ಹಾಗಾಗಿ ಬನ್ನಿಯ ಮರುದಿನ ಮಕ್ಕಳೊಡನೆ ಬೆಟ್ಟಕ್ಕೆ ಬರುವ ಅನೇಕ ಮನೆಗಳಿಗೆ ಅದು ವರ್ಷದಲ್ಲಿ ಎಲ್ಲರೂ ಒಟ್ಟಾಗಿರುವ ಕೊನೆಯ ಕೆಲವು ದಿನಗಳಲ್ಲಿ ಒಂದು. ಆಮೇಲಿನ ದಾರಿಗಳು ಮೂರು. ಮಕ್ಕಳು ತಂದೆತಾಯಿಗಳೊಡನೆ ಹೋದರೆ ಶಾಲೆ ನಿಲ್ಲುತ್ತದೆ. ಸರಕಾರ ವಲಸೆ ಹೋಗುವವರ ಮಕ್ಕಳಿಗೆಂದು ಆ ಕಾಲಕ್ಕೆ ನಡೆಸುವ ವಸತಿನಿಲಯಗಳಲ್ಲಿ ಸೇರಿಸಿದರೆ ಶಾಲೆ ಉಳಿಯುತ್ತದೆ, ಮನೆ ತಪ್ಪುತ್ತದೆ. ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಹೋದರೆ ಶಾಲೆಯೂ ಉಳಿಯುತ್ತದೆ, ಸಂಜೆ ಹೊತ್ತು ಅಜ್ಜಿಯ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ಐದು ತಿಂಗಳು ತಾಯಿ ಇರುವುದಿಲ್ಲ. ಕನ್ನಡ ಉಳಿಯಲೆಂದು ಮಗುವನ್ನು ತಾಯಿಯಿಂದ ಬೇರ್ಪಡಿಸಿರಿ ಎಂದು ಹೇಳುವ ಧೈರ್ಯ ಯಾವ ಭಾಷಾಭಿಮಾನಿಗೂ ಇರಕೂಡದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆಂಧ್ರದ ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಅವುಗಳ ಶಿಕ್ಷಕರು, ಪುಸ್ತಕಗಳು, ಹಾಜರಿ ಇವುಗಳಿಗಾಗಿ ಹೋರಾಡುವುದು ಅಗತ್ಯ. ಆದರೆ ಈ ಮನೆಯ ಮಕ್ಕಳಿಗೆ ಮಾತೃಭಾಷೆಯೆಂದರೆ ತಾಯಿಯ ತೆಲುಗು. ಕನ್ನಡ ತಂದೆಯ ತಾಯಿಯ ಭಾಷೆ. ಅದಕ್ಕೆ ಸಂವಿಧಾನದಲ್ಲಿ ಹೆಸರಿಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಮುಂದಿನ ದಸರೆಗೆ ದೇವರಗಟ್ಟಿಗೆ ಹೋಗುವುದಾದರೆ ರಾತ್ರಿ ಹೋಗದೆ ಮರುದಿನ ಹೋಗಬೇಕು. ಗೊರವಯ್ಯಗಳ ನುಡಿಯನ್ನು ದಾಖಲಿಸುವವರು ಅನೇಕರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ 1991ರಿಂದ ಈಚೆಗೆ ಜಾನಪದ ಸಂಗ್ರಹಕ್ಕೆ ಕೊರತೆಯೇನೂ ಇಲ್ಲ. ಗೊರವಯ್ಯನ ಎದುರು ನಿಂತ ಮಗು ಏನು ಕೇಳಿತು, ಯಾವ ಭಾಷೆಯಲ್ಲಿ ಕೇಳಿತು, ಉತ್ತರ ಯಾರಿಂದ ಯಾವ ಭಾಷೆಯಲ್ಲಿ ಬಂತು ಎಂಬುದನ್ನು ಬರೆದುಕೊಂಡವರು ವಿರಳ. ಮಕ್ಕಳ ಮಾತು ಜಾನಪದವಲ್ಲ ಎಂಬ ಅಲಿಖಿತ ನಿಯಮವೊಂದು ವಿಭಾಗಗಳಲ್ಲಿದೆ. ಹಾಡು ಬೇಕು, ಕಥೆ ಬೇಕು, ಐತಿಹ್ಯ ಬೇಕು. ಉಗ್ಗಾನಿ-ಒಗ್ಗರಣೆಗಳ ನಡುವೆ ಬೆಳೆಯುತ್ತಿರುವ ಕಿವಿ ಬೇಡ. ಭಾಷೆ ದಾಟುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಮಾತ್ರ ಆ ಕಿವಿಯಲ್ಲಿ. ವಿದ್ಯಾರ್ಥಿಯು ಅಲ್ಲಿ ಒಂದು ಎಚ್ಚರವನ್ನು ವಹಿಸುವುದು ಒಳ್ಳೆಯದು: ಕನ್ನಡದ ಕಾರ್ಯಕರ್ತನಂತೆ ಮಗುವನ್ನು ‘ಕನ್ನಡದಲ್ಲಿ ಹೇಳು’ ಎಂದು ಒತ್ತಾಯಿಸಬಾರದು. ಹಾಗೆಂದ ಕೂಡಲೇ ಮಗ್ಗಿ ಒಪ್ಪಿಸುವವರ ಹಾಗೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ.

ತಂದೆಯ ಮೇಲೂ ಒಂದು ಮಾತು ಹೇಳಲೇಬೇಕು. ಜಾತ್ರೆಯ ದಾರಿಯಲ್ಲಿ ಆತ ತಾಯಿಯೊಡನೆ ಕನ್ನಡದಲ್ಲಿ, ಹೆಂಡತಿಯೊಡನೆ ಮತ್ತು ಮಕ್ಕಳೊಡನೆ ತೆಲುಗಿನಲ್ಲಿ ಮಾತಾಡುತ್ತಾನೆ. ಮಕ್ಕಳಿಗೆ ಕನ್ನಡ ಅಜ್ಜಿಯೊಬ್ಬಳ ಸೊತ್ತಾಗಿ ತೋರುವುದು ಇದರಿಂದಲೇ. ತಂದೆ ದಿನಕ್ಕೆ ನಾಲ್ಕು ಮಾತನ್ನು ಮಗಳೊಡನೆ ಕನ್ನಡದಲ್ಲಿ ಆಡಿದ್ದರೆ ಅದು ಎರಡು ತಲೆಮಾರಿನ ಭಾಷೆಯಾಗುತ್ತಿತ್ತು. ಆತನಿಗೆ ಅದು ಹೊಳೆದಿಲ್ಲ. ಹೊಳೆಯುವಂತೆ ಹೇಳಿದವರೂ ಇಲ್ಲ.

ಸಂಜೆ ತೇರು ಎಳೆದಾದ ಮೇಲೆ ಕುಟುಂಬ ಮರಳುತ್ತದೆ. ಆಟೋದಲ್ಲಿ ಹುಡುಗ ಪೀಪಿ ಕೈಯಲ್ಲಿಯೇ ಹಿಡಿದು ನಿದ್ದೆ ಹೋಗಿದ್ದಾನೆ. ಈ ಸಲ ಗುಂಟೂರಿಗೆ ಯಾರು ಯಾರು ಹೋಗುವುದೆಂದು ಗಂಡ ಹೆಂಡತಿ ತೆಲುಗಿನಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು ಅಜ್ಜಿಯ ಕಡೆ ತಿರುಗುತ್ತಾಳೆ.

“ಅವ್ವಾ, ಉಗಾದಿಕಿ ಎನ್ನಿ ನೆಲಲು?”

“ಉಗಾದಿಗಾ? ತಡಿ, ಎಣಿಸ್ತೀನಿ” ಎಂದು ಅಜ್ಜಿ ಹೊಸ ಬಳೆ ತೊಟ್ಟ ಕೈಯನ್ನು ಮೊಮ್ಮಗಳ ಮುಂದೆ ಹಿಡಿದು ಒಂದೊಂದೇ ಬೆರಳು ಮಡಿಸುತ್ತಾಳೆ. “ಕಾರ್ತೀಕ, ಮಾರ್ಗಶಿರ, ಪುಷ್ಯ...”

ಹುಡುಗಿ ತನ್ನ ಬೆರಳುಗಳನ್ನೂ ಮಡಿಸಿಕೊಳ್ಳುತ್ತ ಆಕೆಯ ಹಿಂದೆಯೇ ಹೇಳುತ್ತಾಳೆ.